ವಜಾ ಆದ ಅರ್ಜಿಗಳ ನಕಲು

ಸೈನ್ಯ ಅಧಿಕಾರ ಹಿಡಿದರೆ ಕೋರ್ಟುಗಳ ಬಾಗಿಲು ಮುಚ್ಚಿಸುತ್ತದೆ ಅಂದುಕೊಳ್ಳುತ್ತೇವೆ. ಚಿಲಿಯಲ್ಲಿ ಹಾಗಾಗಲಿಲ್ಲ. 1973ರ ಸೆಪ್ಟೆಂಬರ್ 11ರಂದು ಚುನಾಯಿತ ಸರ್ಕಾರವನ್ನು ಉರುಳಿಸಿದ ಜನರಲ್ ಪಿನೋಚೆ ಸಂಸತ್ತಿಗೆ ಬೀಗ ಜಡಿದ, ಸುಪ್ರೀಂ ಕೋರ್ಟನ್ನು ಮಾತ್ರ ಮುಟ್ಟಲಿಲ್ಲ. ಮುಟ್ಟುವ ಅಗತ್ಯವೇ ಬೀಳಲಿಲ್ಲ. ಅದರ ಮುಖ್ಯಸ್ಥರೇ ದಂಗೆಯನ್ನು ಬಹಿರಂಗವಾಗಿ ಸ್ವಾಗತಿಸಿದ್ದರು.

ಹೇಬಿಯಸ್ ಕಾರ್ಪಸ್ ಅರ್ಜಿ ಬರೆಯುತ್ತಲೇ ತಲೆ ನರೆತ ವಕೀಲೆ ನಾನು. ಎಳೆದೊಯ್ದ ಮಗನನ್ನು ತಂದು ತೋರಿಸಿ ಎಂದು ತಾಯಿಯೊಬ್ಬಳು ಕೇಳುವ ಅರ್ಜಿಗಿಂತ ದೊಡ್ಡದು ನಮ್ಮ ವೃತ್ತಿಯಲ್ಲಿಲ್ಲ. ಚಿಲಿಯ ಕೋರ್ಟುಗಳಿಗೆ ಅಂಥವು ಸಾವಿರಾರು ಬಂದವು. ‘ನಮ್ಮ ವಶದಲ್ಲಿಲ್ಲ’ ಎಂದು ಸರ್ಕಾರ ಹೇಳಿದರೆ ಸಾಕು, ಅರ್ಜಿ ವಜಾ. ಎತ್ತಿಹಿಡಿದದ್ದು ಬೆರಳೆಣಿಕೆಯಷ್ಟು. ನ್ಯಾಯಾಧೀಶರ ಸಂಘ ಇದಕ್ಕೆ ಕ್ಷಮೆ ಕೇಳಲು 2013 ಬರಬೇಕಾಯಿತು.

ನೊಂದವರ ಪರ ಅರ್ಜಿ ಬರೆಸುತ್ತಿದ್ದುದು ಹೆಚ್ಚಾಗಿ ಕ್ಯಾಥೊಲಿಕ್ ಚರ್ಚು. ಕ್ರೈಸ್ತ ನಾಗರಿಕತೆಯನ್ನು ಕಾಯುವವನು ತಾನೆನ್ನುತ್ತಿದ್ದ ಪಿನೋಚೆಗೆ ರಾಜಧಾನಿಯ ಆರ್ಚ್‌ಬಿಷಪ್ ಕಾರ್ಡಿನಲ್ ಸಿಲ್ವಾ ಎನ್ರಿಕೆಸ್ ಮೇಲೆ ಕೈಮಾಡುವುದು ಸುಲಭವಿರಲಿಲ್ಲ. ವಿವಿಧ ಮತಗಳವರು ಸೇರಿ ಕಟ್ಟಿದ್ದ ನೆರವು ಸಮಿತಿಯನ್ನು 1975ರ ಕೊನೆಗೆ ಮುಚ್ಚಿಸಿದ. 1976ರ ಜನವರಿಯಲ್ಲೇ ಕಾರ್ಡಿನಲ್ ಅದೇ ಕೆಲಸಕ್ಕೆ ‘ವಿಕಾರಿಯಾ’ ಎಂಬ ಚರ್ಚಿನದೇ ಕಚೇರಿ ತೆರೆದರು, ಅದೂ ಸಾಂಟಿಯಾಗೊದ ಕ್ಯಾಥೆಡ್ರಲ್ ಪಕ್ಕದಲ್ಲೇ. ಯಾರನ್ನು, ಎಲ್ಲಿಂದ, ಯಾವಾಗ ಒಯ್ದರು, ಕಂಡವರು ಯಾರು ಎಂಬುದನ್ನೆಲ್ಲ ಅಲ್ಲಿ ಬರೆದಿಡುತ್ತಿದ್ದರು. ಕಾಣೆಯಾದವರ ಮನೆಯ ಹೆಂಗಸರು ಗೋಣಿತಟ್ಟಿನ ಮೇಲೆ ಹಳೆ ಬಟ್ಟೆಯ ಚೂರು ಹೊಲಿದು ತಮ್ಮ ಕಥೆ ಹೇಳಿದರೆ, ಅದನ್ನು ವಿದೇಶಕ್ಕೆ ಮುಟ್ಟಿಸಿ ಮಾರುತ್ತಿದ್ದುದೂ ಇದೇ ಕಚೇರಿ.

ಚರ್ಚುಗಳೆಲ್ಲ ಹೀಗಿದ್ದವು ಎನ್ನುವಂತಿಲ್ಲ. ಪಕ್ಕದ ಅರ್ಜೆಂಟೀನಾದ ಸೈನಿಕ ಆಡಳಿತದಲ್ಲಿ ಬಹುತೇಕ ಬಿಷಪ್ಪರು ಬಾಯಿ ಬಿಡಲಿಲ್ಲ. ಅಲ್ಲಿನ ಪೊಲೀಸ್ ಪಾದ್ರಿಯೊಬ್ಬನಿಗೆ ಕೊಲೆ, ಚಿತ್ರಹಿಂಸೆಗಳಲ್ಲಿ ಪಾಲುಗಾರನೆಂದು 2007ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

1978ರ ನವೆಂಬರ್‌ನಲ್ಲಿ ವಿಕಾರಿಯಾಕ್ಕೆ ಒಂದು ಸುಳಿವು ಬಂತು. ಚರ್ಚಿನವರು, ವಕೀಲರು, ಪತ್ರಕರ್ತರು ಜೊತೆಯಾಗಿ ಸಾಂಟಿಯಾಗೊ ಸಮೀಪದ ಲೊಂಕೆನ್‌ನ ಪಾಳುಬಿದ್ದ ಸುಣ್ಣದ ಭಟ್ಟಿಗಳ ಬಳಿ ಹೋದರು. ಒಳಗೆ ಹದಿನೈದು ಜನರ ಅವಶೇಷಗಳಿದ್ದವು. 1973ರ ಅಕ್ಟೋಬರ್‌ನಲ್ಲಿ ಪೊಲೀಸರು ಹಿಡಿದೊಯ್ದವರು. ಅವರಲ್ಲಿ ಐವರು ಒಂದೇ ಮನೆಯವರು, ಅಪ್ಪ ಮತ್ತು ನಾಲ್ವರು ಗಂಡುಮಕ್ಕಳು. ನಾಪತ್ತೆ ಎಂಬುದೇ ಕಟ್ಟುಕಥೆ ಎನ್ನುತ್ತಿದ್ದ ಸರ್ಕಾರದ ಮುಖಕ್ಕೆ ಎಲುಬುಗಳೇ ಸಾಕ್ಷಿ ಹಿಡಿದವು. ಆದರೂ ಸೇನಾ ನ್ಯಾಯಾಲಯ ಪಿನೋಚೆ ಸರ್ಕಾರವೇ ತಂದಿದ್ದ ಕ್ಷಮಾದಾನ ಕಾಯ್ದೆಯಡಿ ಪೊಲೀಸರನ್ನು ಬಿಟ್ಟಿತು. ನನಗೆ ಇಂದಿಗೂ ಸಿಟ್ಟು ಬರುವುದು ಇಲ್ಲೇ.

ವಿಕಾರಿಯಾದ ದಾಖಲೆ ವಿಭಾಗ ನೋಡಿಕೊಳ್ಳುತ್ತಿದ್ದ ಹೊಸೆ ಮನುಯೆಲ್ ಪರಾಡಾರನ್ನು 1985ರ ಮಾರ್ಚ್‌ನಲ್ಲಿ ಪೊಲೀಸರು ಅಪಹರಿಸಿ ಕತ್ತು ಸೀಳಿದರು. ಕಡತಗಳು ಉಳಿದವು. 1990ರಲ್ಲಿ ಪ್ರಜಾಪ್ರಭುತ್ವ ಮರಳಿದಾಗ ಸತ್ಯಶೋಧನಾ ಆಯೋಗ ಮೊದಲು ಬಿಚ್ಚಿದ ಕಟ್ಟುಗಳಲ್ಲಿ ಅವೂ ಇದ್ದವು. ಮುಂದೆ ಪಿನೋಚೆಯ ಗುಪ್ತ ಪೊಲೀಸರನ್ನು ಜೈಲಿಗೆ ಕಳಿಸಿದ ಮೊಕದ್ದಮೆಗಳಲ್ಲೂ ಅವು ಸಾಕ್ಷ್ಯವಾದವು.