ಓಡಿದ ಚಿಗರಿಯ ಖಂಡ

ಮೊದಲು ಚಿಗರಿಯ ಜಾತಿಯ ಗೊಂದಲ ಮುಗಿಸಿಬಿಡೋಣ. ಬೈಲಹೊಂಗಲ, ಸವದತ್ತಿ ಸೀಮೆಯಂಥ ಎರೆಬಯಲೇ ಚಿಗರಿಯ ಮೆಚ್ಚಿನ ನೆಲ. ಈ ಚಿಗರಿ, ಅಂದರೆ ಕೃಷ್ಣಮೃಗ, ಪ್ರಾಣಿಶಾಸ್ತ್ರದ ಲೆಕ್ಕದಲ್ಲಿ ಜಿಂಕೆಯೇ ಅಲ್ಲ, ಹುಲ್ಲೆ. ಆಕಳು, ಆಡು, ಕುರಿಗಳ ಬಳಗದ್ದು. ಅದರ ಕೋಡಿಗೆ ಹೊರಗೆ ಟೊಳ್ಳು ಕವಚ, ಒಳಗೆ ಎಲುಬು. ಒಮ್ಮೆ ಮೂಡಿದರೆ ಸಾಯುವ ತನಕ ಅದೇ ಜೋಡಿ. ಜಿಂಕೆ, ಕಡವೆಗಳ ಕವಲುಗೊಂಬು ಪೂರಾ ಎಲುಬು, ಕಾಲಕಾಲಕ್ಕೆ ಉದುರಿ ಮತ್ತೆ ಬೆಳೆಯುತ್ತದೆ. ನಿಜವಾದ ಜಿಂಕೆ, ಕಡವೆ, ಕಾಡುಕುರಿ ನೋಡಬೇಕೆಂದರೆ ಕಿತ್ತೂರಿನಿಂದ ಪಡುವಣಕ್ಕೆ, ಖಾನಾಪುರ ಭೀಮಗಡದ ಕಾಡಿಗೆ ಹೋಗಬೇಕು. ರಾಮದುರ್ಗದ ಕಲ್ಲುಗುಡ್ಡಗಳ ಆಚೆ, ಮುಧೋಳ-ಬೀಳಗಿಯ ಯಡಹಳ್ಳಿ ಕುರುಚಲಲ್ಲಿ ಇನ್ನೊಂದು ಹುಲ್ಲೆ ಇದೆ, ಚಿಂಕಾರ. 2016ರಲ್ಲಿ ಅದಕ್ಕೆಂದೇ ವನ್ಯಧಾಮ ಘೋಷಣೆಯಾಯಿತು.

ಕಾನೂನನ್ನೂ ಬೇಗ ಹೇಳಿಬಿಡುತ್ತೇನೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಕೃಷ್ಣಮೃಗ ಮೊದಲನೆಯ ಅನುಸೂಚಿಯಲ್ಲಿದೆ. ಕೊಂದರೆ ಮೂರರಿಂದ ಏಳು ವರ್ಷ ಜೈಲು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ದಂಡ 25,000 ರೂಪಾಯಿಗೆ ಕಡಿಮೆ ಇಲ್ಲ. ಉರುಲು ಹಾಕುವುದು, ವಿಷವಿಡುವುದು, ಸೋವುವುದು ಎಲ್ಲವೂ ಕಾಯ್ದೆಯ ಕಣ್ಣಲ್ಲಿ ಬೇಟೆಯೇ. ಜನ ಎಡವುವುದು ಇಲ್ಲಲ್ಲ. "ನಾವೇನ್ ಹೊಡದಿಲ್ರೀ ಸರ, ಗಾಡಿಗೆ ಸಿಕ್ಕು ಸತ್ತಿತ್ತು, ಹಂಚಿಕೊಂಡ್ವಿ" ಅನ್ನುತ್ತಾರಲ್ಲ, ಅಲ್ಲಿ. ಸತ್ತು ಸಿಕ್ಕ ವನ್ಯಪ್ರಾಣಿಯೂ 39ನೇ ಕಲಮಿನ ಪ್ರಕಾರ ಸರಕಾರದ ಸ್ವತ್ತು. 48 ಗಂಟೆಯೊಳಗೆ ಪೊಲೀಸ್ ಠಾಣೆಗೋ ಅರಣ್ಯ ಅಧಿಕಾರಿಗೋ ತಿಳಿಸಬೇಕು. ಮಾಂಸ ಅಂದರೆ ಹಸಿಯದೋ ಬೇಯಿಸಿದ್ದೋ ಎಂಬ ಭೇದವೂ ಇಲ್ಲ. ರಕ್ತ, ಎಲುಬು, ನರ, ಕೊಬ್ಬು ಎಲ್ಲ ಆ ವ್ಯಾಖ್ಯೆಯೊಳಗೇ ಬರುತ್ತವೆ. ಒಲೆಯ ಮೇಲಿನ ಸಾರೂ ಸಾಕ್ಷಿಯೇ.

ಹಾಗಾದರೆ ಈ ಅಧ್ಯಾಯ ಯಾಕೆ? ಬೇಟೆ ನಿಂತಿತೆಂದ ಮಾತ್ರಕ್ಕೆ ಬೇಟೆಯಿಂದ ಕಲಿಯಬೇಕಾದದ್ದು ಮುಗಿಯಲಿಲ್ಲ. ನನಗಂತೂ ಈ ವಿಷಯದಲ್ಲಿ ಕೋವಿ-ಕೋಡುಗಳಿಗಿಂತ ಸ್ನಾಯುವಿನ ರಸಾಯನವೇ ಹೆಚ್ಚು ರುಚಿ.

ನಮ್ಮ ಸೀಮೆಯಲ್ಲಿ ಚಿಗರಿ ಹಿಡಿಯುವ ದಾರಿ ಒಂದೇ ಇರಲಿಲ್ಲ. ಸವದತ್ತಿಯ ರಟ್ಟರು ಸಾಮಂತರಾಗಿದ್ದ ಕಾಲದಲ್ಲಿ ಕಲ್ಯಾಣದ ದೊರೆ ಮೂರನೆಯ ಸೋಮೇಶ್ವರ (1126-1138) ಬರೆಸಿದ 'ಮಾನಸೋಲ್ಲಾಸ'ದಲ್ಲಿ ಬೇಟೆಗೇ ಒಂದು ಭಾಗವಿದೆ. ಸಾಕಿದ ಮೃಗವನ್ನು ಮುಂದೆ ಬಿಟ್ಟು ಕಾಡಿನದನ್ನು ಸೆಳೆಯುವ ಉಪಾಯವೂ ಅದರಲ್ಲಿದೆ. ಅಡುಗೆಯ ಭಾಗದಲ್ಲಿ ಇಂಗು, ಸೈಂಧವ ಲವಣ ಹಾಕಿ ಮಾಂಸ ಬೇಯಿಸುವ, ಸುಡುವ ಬಗೆಗಳಿವೆ. ಹರಣಶಿಕಾರಿ ಸಮುದಾಯದವರ ಹೆಸರಿನಲ್ಲೇ ಚಿಗರಿ ಕೂತಿದೆ. ಪ್ರಾಣಿಯ ನರ ಹೊಸೆದು ಮಾಡಿದ ಉರುಲು, ಪಳಗಿಸಿದ ಎತ್ತಿನ ಮರೆಯಲ್ಲಿ ಹೆಜ್ಜೆಹೆಜ್ಜೆಯಾಗಿ ಹತ್ತಿರ ಹೋಗುವುದು ಅವರಂಥ ಪಾರಧಿ ಬೇಟೆಗಾರರ ಕಸಬು. ಪಕ್ಕದ ಮುಧೋಳ ಸಂಸ್ಥಾನದ ಘೋರ್ಪಡೆ ಮನೆತನ ಬೆಳೆಸಿದ ಬೇಟೆನಾಯಿ ಬಯಲಲ್ಲಿ ಓಡಿಸಿ ಹಿಡಿಯುವಂಥದು. 2005ರಲ್ಲಿ ಅದರ ಅಂಚೆಚೀಟಿಯೂ ಬಂತು. ಕೊಲ್ಹಾಪುರದ ಅರಸರು ಆಫ್ರಿಕದಿಂದ ಚೀತಾ ತರಿಸಿ ಚಿಗರಿಯ ಮೇಲೆ ಬಿಡುತ್ತಿದ್ದರು. ಕೆಡವಿದ ಚೀತಾಕ್ಕೆ ಮರದ ಸೌಟಿನಲ್ಲಿ ಬಿಸಿ ರಕ್ತ ಕುಡಿಸಿ ಬೇಟೆಯಿಂದ ಬಿಡಿಸುವುದು ವಾಡಿಕೆ.

ಈ ದಾರಿಗಳಲ್ಲಿ ಯಾವುದರ ಖಂಡ ಚೆನ್ನಾಗಿರುತ್ತದೆ? ಮಸಾಲೆ ಅರೆಯುವವರು ಒಪ್ಪಲಿಕ್ಕಿಲ್ಲ, ಆದರೆ ಖಂಡದ ಹಣೆಬರಹ ಒಲೆಯ ಮುಂದೆ ನಿರ್ಧಾರವಾಗುವುದಿಲ್ಲ. ಪ್ರಾಣಿಯ ಕೊನೆಯ ತಾಸುಗಳಲ್ಲೇ ಆಗಿಹೋಗಿರುತ್ತದೆ.

ಪ್ರತಿ ಸ್ನಾಯುವಿನಲ್ಲೂ ಗ್ಲೈಕೋಜನ್ ಎಂಬ ಸಕ್ಕರೆಯ ದಾಸ್ತಾನಿರುತ್ತದೆ. ನಮ್ಮ ಊರುಗಳಲ್ಲಿ ಜೋಳ ತುಂಬಿಡುತ್ತಿದ್ದ ಹಗೇವು ಇದ್ದಂತೆ, ಆಪತ್ತಿಗೆ ತೆಗೆಯುವುದು. ಪ್ರಾಣಿ ಸತ್ತ ಮೇಲೂ ಸ್ನಾಯು ತಟ್ಟನೆ ಸುಮ್ಮನಾಗುವುದಿಲ್ಲ. ಆಮ್ಲಜನಕ ನಿಂತುಹೋಗಿದ್ದರೂ ಉಳಿದ ಸಕ್ಕರೆಯನ್ನು ಒಡೆಯುತ್ತಲೇ ಇರುತ್ತದೆ, ಲ್ಯಾಕ್ಟಿಕ್ ಆಮ್ಲ ಹುಟ್ಟುತ್ತಲೇ ಇರುತ್ತದೆ. ಅದನ್ನು ಹೊತ್ತೊಯ್ಯಲು ಈಗ ಹರಿಯುವ ರಕ್ತವಿಲ್ಲ. ಆಮ್ಲ ಅಲ್ಲೇ ಕೂಡುತ್ತದೆ. ಬದುಕಿದ್ದಾಗ 7ರ ಆಸುಪಾಸಿನಲ್ಲಿದ್ದ ಪಿಎಚ್ ಒಂದು ದಿನದೊಳಗೆ 5.5ರ ಹತ್ತಿರ ಇಳಿಯುತ್ತದೆ. ಈ ಹುಳಿಯೇ ಮಾಂಸದ ಕಾವಲು: ಕೊಳೆಸುವ ಬ್ಯಾಕ್ಟೀರಿಯಾ ಇದರಲ್ಲಿ ನಿಧಾನವಾಗಿ ಬೆಳೆಯುತ್ತವೆ, ಬಣ್ಣ ಕೆಂಪಗೆ ತಿಳಿಯಾಗುತ್ತದೆ.

ಇಲ್ಲೇ ಹೆಚ್ಚಿನವರು ಉಲ್ಟಾ ತಿಳಿದುಕೊಳ್ಳುತ್ತಾರೆ. "ಓಡಿದ್ರ ಆಮ್ಲ ಹೆಚ್ಚಾಕ್ಕೈತಿ, ಅದಕ್ಕ ಖಂಡ ಕೆಡತೈತಿ" ಎಂದು ವಿಜ್ಞಾನ ಓದಿದವರೂ ಹೇಳುತ್ತಾರೆ. ಓಡುವಾಗ ಹುಟ್ಟಿದ ಆಮ್ಲವನ್ನು ಜೀವಂತ ರಕ್ತ ಹೊತ್ತು ಯಕೃತ್ತಿಗೆ ಮುಟ್ಟಿಸುತ್ತದೆ. ತಾಸುಗಟ್ಟಲೆ ಬೆನ್ನಟ್ಟಿಸಿಕೊಂಡು, ಹೆದರಿ, ಒದ್ದಾಡಿ ಸತ್ತ ಚಿಗರಿಯ ಹಗೇವು ಬರಿದಾಗಿರುತ್ತದೆ. ಸತ್ತ ಮೇಲೆ ಒಡೆಯಲು ಸಕ್ಕರೆ ಇಲ್ಲ, ಹಾಗಾಗಿ ಆಮ್ಲವೂ ಇಲ್ಲ. ಪಿಎಚ್ 6ರ ಮೇಲೇ ನಿಂತುಬಿಡುತ್ತದೆ. ಖಂಡ ಕಪ್ಪಡರಿ, ಬಿಗಿಯಾಗಿ, ಬೆರಳಿಗೆ ಅಂಟುತ್ತದೆ. ಬಹಳ ಬೇಗ ಹಳಸುತ್ತದೆ. ಅದನ್ನು ಕೆಡಿಸುವುದು ಆಮ್ಲದ ಕೊರತೆ. ಎತ್ತಿನ ಮರೆಯಿಂದ ಬಂದ ಹೊಡೆತಕ್ಕೆ, ಹುಲ್ಲು ಮೇಯುತ್ತಲೇ ಬಿದ್ದ ಚಿಗರಿಯ ಖಂಡವೂ ನಾಯಿ ಅಟ್ಟಿಸಿ ಕೆಡವಿದ್ದರ ಖಂಡವೂ ಒಂದೇ ಪ್ರಾಣಿಯದಾದರೂ ರಸಾಯನದಲ್ಲಿ ಎರಡು ಬೇರೆ ಪದಾರ್ಥ. ಚೀತಾದ ಓಟ ಕೆಲವೇ ನೂರು ಮೀಟರಿನದು, ಆದ್ದರಿಂದ ಅದರದು ನಡುವಿನ ಲೆಕ್ಕ. ಬೈಲಹೊಂಗಲದ ಸಂತೆಗೆ ಲಾರಿಯಲ್ಲಿ ನಿಲ್ಲಿಸಿ, ನೀರು-ಮೇವಿಲ್ಲದೆ ತಂದ ಕುರಿಗೂ ಇದೇ ನಿಯಮ. ಮಟನ್ ಅಂಗಡಿಯಲ್ಲಿ ಕಪ್ಪಗೆ ಅಂಟಂಟು ತುಂಡು ಕಂಡರೆ ಕುರಿ ಮುದಿಯೆಂದೇ ತೀರ್ಮಾನಿಸಬೇಡಿ. ದಣಿದು ಸತ್ತಿರಬಹುದು.

ಇನ್ನು ಖಂಡದ ವಿಲೇವಾರಿ. ಗಂಡು ಚಿಗರಿಯೊಂದು ಸುಮಾರು 30ರಿಂದ 45 ಕಿಲೋ. ಚರ್ಮ, ಕರುಳು, ತಲೆ, ಕಾಲು ತೆಗೆದರೆ ಅರ್ಧದಷ್ಟು ಉಳಿಯುತ್ತದೆ. ಸ್ಕಾಟ್ಲೆಂಡಿನಲ್ಲಿ ಕೆಂಪು ಜಿಂಕೆಯ ದೇಹವನ್ನು ತಣ್ಣನೆಯ ಕೋಣೆಯಲ್ಲಿ ದಿನಗಟ್ಟಲೆ ನೇತುಹಾಕುತ್ತಾರೆ. ಸ್ನಾಯುವಿನೊಳಗಿನ ಕಿಣ್ವಗಳೇ ಎಳೆಗಳನ್ನು ಕಡಿದು ಮೆತ್ತಗೆ ಮಾಡಲಿ ಎಂದು. ರಾಮದುರ್ಗದ ಏಪ್ರಿಲ್ ಬಿಸಿಲಿನಲ್ಲಿ ಆ ಆಟ ನಡೆಯದು. ಬಿಸಿಸೀಮೆಯ ಉಪಾಯ ಬೇರೆ. ಅಂದಿನದು ಅಂದೇ ಬೇಯಬೇಕು. ಮಿಕ್ಕಿದ್ದನ್ನು ಎಳೆಯ ಉದ್ದಕ್ಕೆ ಬೆರಳಗಲದ ಪಟ್ಟಿ ಕೊಯ್ದು, ಉಪ್ಪು, ಅರಿಶಿಣ, ಖಾರ ಸವರಿ ಹಗ್ಗಕ್ಕೆ ಹಾಕಿ ಒಣಗಿಸಬೇಕು. ಉಪ್ಪು ನೀರನ್ನು ಹೊರಗೆಳೆಯುತ್ತದೆ, ಬಿಸಿಲು-ಗಾಳಿ ಅದನ್ನು ಒಯ್ಯುತ್ತವೆ, ನೀರಿಲ್ಲದೆಡೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಒಣಖಂಡವನ್ನು ಕೆಂಡದ ಮೇಲೆ ಸುಟ್ಟು ಕುಟ್ಟಿದರೆ ರೊಟ್ಟಿಗೆ ಜೊತೆ. ಚಿಗರಿಯ ಖಂಡಕ್ಕೆ ಇದು ಹೆಚ್ಚು ಒಗ್ಗುವುದಕ್ಕೆ ಕಾರಣ ಅದರಲ್ಲಿ ಕೊಬ್ಬು ತೀರ ಕಡಿಮೆ. ಕೊಬ್ಬಿದ್ದರೆ ಒಣಗಿದ ಮೇಲೆ ಕಮಟುತ್ತದೆ. ಅದೇ ಕಾರಣಕ್ಕೆ ಸುಡುವಾಗ ಸ್ವಲ್ಪ ಹೆಚ್ಚಾದರೂ ಕಟ್ಟಿಗೆ. ಇವತ್ತು ಈ ವಿದ್ಯೆ ಆಡು-ಕುರಿಯ ಖಂಡಕ್ಕೆ ಸಾಕು, ಧಾರಾಳ ಬಳಸಿ.

ಚಿಗರಿಯ ಖಂಡ ವಾತಕ್ಕೆ, ಬಾಣಂತಿಗೆ, ಗಂಡಸುತನಕ್ಕೆ ಔಷಧಿ ಎಂಬ ಮಾತು ಇನ್ನೂ ಹರಿದಾಡುತ್ತದೆ. ಅದರಲ್ಲಿರುವುದು ಪ್ರೋಟೀನು, ಕಬ್ಬಿಣ. ಎಳೆ ಆಡಿನದರಲ್ಲೂ ಇರುವುದೇ. ಔಷಧಿ ಗುಣವಿದ್ದಿದ್ದರೆ ಟೆಕ್ಸಾಸಿನವರು ಅದರಿಂದಲೇ ದುಡ್ಡು ಮಾಡುತ್ತಿದ್ದರು. 1932ರಲ್ಲಿ ಅಲ್ಲಿಗೊಯ್ದು ಬಿಟ್ಟ ನಮ್ಮ ಕೃಷ್ಣಮೃಗ ಈಗ ಅಲ್ಲಿ ಸಾವಿರಗಟ್ಟಲೆ ಇವೆ, ಬೇಟೆಯೂ ಮಾರಾಟವೂ ಕಾನೂನುಬದ್ಧ. ಅಲ್ಲಿ ಅದು ಬರೀ ಮಾಂಸ. ಸತ್ತು ಬಿದ್ದದ್ದನ್ನು ಕೊಯ್ಯುವವರಿಗೆ ಇನ್ನೊಂದು ಮಾತು: ನೆರಡಿ ರೋಗದಿಂದ ಸತ್ತ ಪ್ರಾಣಿಯನ್ನು ಕೊಯ್ದರೆ ರೋಗಾಣು ಕೊಯ್ದವನ ಕೈಗೇ ಹತ್ತುತ್ತದೆ.

ಬರಿದಾದ ಸ್ನಾಯುವಿನ ಕಥೆ ಖಂಡದಲ್ಲೇ ಮುಗಿಯುವುದಿಲ್ಲ. ಬೀದಿನಾಯಿ ಅಟ್ಟಿಸಿಕೊಂಡು ಬಂದ ಚಿಗರಿಯನ್ನು ಊರವರು ಬಿಡಿಸಿ, ನೀರು ಕುಡಿಸಿ, ಸುತ್ತ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ. ಮೈಮೇಲೆ ಗಾಯವಿಲ್ಲ. ಆದರೂ ಎರಡು-ಮೂರು ದಿನಕ್ಕೆ ಸಾಯಬಹುದು. ಅತಿಯಾಗಿ ದುಡಿದ ಸ್ನಾಯುಕೋಶಗಳು ಒಡೆದು ಪೊಟ್ಯಾಸಿಯಂ ರಕ್ತಕ್ಕೆ ಸೋರಿ ಹೃದಯದ ಬಡಿತ ಕೆಡಿಸುತ್ತದೆ. ಮಯೋಗ್ಲೋಬಿನ್ ಎಂಬ ಕೆಂಪು ಪ್ರೋಟೀನು ಮೂತ್ರಪಿಂಡಕ್ಕೆ ಹೊಡೆತ ಕೊಡುತ್ತದೆ, ಮೂತ್ರ ಕಂದಾಗುತ್ತದೆ. ಇಂಥದು ಕಂಡರೆ ಕಣ್ಣಿಗೆ ಬಟ್ಟೆ ಮುಚ್ಚಿ, ನೆರಳಿಗೆ ತಂದು, ಗದ್ದಲ ಮಾಡದೆ, ಬಲವಂತವಾಗಿ ನೀರು ಹಾಕದೆ ಅರಣ್ಯ ಇಲಾಖೆಯ 1926ಕ್ಕೆ ಫೋನ್ ಮಾಡಿ.

ಇಲ್ಲಿ ಕಾಲೇಜು ಹುಡುಗರಿಗೂ ತಾಲ್ಲೂಕಿನ ಪಶುವೈದ್ಯರಿಗೂ ಮಾಡುವ ಕೆಲಸ ಬೇಕಾದಷ್ಟಿದೆ. ಹರಣಶಿಕಾರಿ ಹಿರಿಯರ ಹತ್ತಿರ ಕೂತು, ಹಿಂಡು ಯಾವಾಗ ಬೆದರುತ್ತದೆ, ಎಷ್ಟು ದೂರ ಓಡಿ ನಿಲ್ಲುತ್ತದೆ ಎಂಬ ತಿಳಿವನ್ನು ಬರೆದುಕೊಳ್ಳಿ. ರಕ್ಷಣೆ ಮಾಡಿದ ಪ್ರತಿ ಚಿಗರಿಗೂ ಒಂದು ಹಾಳೆ ಇಡಿ: ನಾಯಿ ಎಷ್ಟು ಹೊತ್ತು ಅಟ್ಟಿತು, ಹೊರಗೆ ಬಿಸಿಲೆಷ್ಟಿತ್ತು, ಹಿಡಿದು ಕಟ್ಟಿದ್ದು ಎಷ್ಟು ನಿಮಿಷ, ಮೂತ್ರದ ಬಣ್ಣ ಏನು, ಬದುಕಿತೋ ಸತ್ತಿತೋ, ಸತ್ತರೆ ಎಷ್ಟನೆಯ ದಿನ.