ಅಗಸಿ ಮುಚ್ಚದ ವಾಡೆ

ಫ್ರಾನ್ಸ್ ದೇಶದ ನೈಋತ್ಯ ಭಾಗದಲ್ಲಿ, ದೋರ್ದೋನ್ ನದಿಯ ಬಯಲಿಗೆ ಉತ್ತರದ ದಿಣ್ಣೆಯೊಂದರ ಮೇಲೆ, ದ್ರಾಕ್ಷಿತೋಟಗಳ ನಡುವೆ ಮೊಂತೇನ್ ಎಂಬ ಪುರಾತನ ಗೃಹವೊಂದುಂಟು. ಅರಮನೆಯೆನ್ನೋಣವೆಂದರೆ ಅದಕ್ಕೆ ಆ ವೈಭವವಿಲ್ಲ; ಕೋಟೆಯೆನ್ನೋಣವೆಂದರೆ ಮುತ್ತಿಗೆಯನ್ನು ತಡೆದುಕೊಳ್ಳುವ ಕಸುವಿಲ್ಲ. ಉತ್ತರ ಕರ್ಣಾಟಕದ ದೇಸಾಯರ ವಾಡೆಗಳನ್ನು ಕಂಡವರಿಗೆ ಅದರ ಸ್ವರೂಪವನ್ನು ಬಿಡಿಸಿ ಹೇಳಬೇಕಾಗಿಲ್ಲ: ನಡುವೆ ಅಂಗಳ, ಸುತ್ತ ಗೋಡೆ, ಮೂಲೆಯಲ್ಲಿ ಬುರುಜು, ಒಳಹೋಗಲು ಅಗಸಿ. ಮುನ್ನೂರು ವರ್ಷಗಳ ಕಾಲ ಇಂಗ್ಲೆಂಡಿನ ದೊರೆಗಳ ಅಧೀನದಲ್ಲಿದ್ದು, ಎರಡು ರಾಜಸತ್ತೆಗಳ ಹಗೆಯಲ್ಲಿ ನಲುಗಿದ ಆ ಸೀಮೆಯಲ್ಲಿ, ಉಳ್ಳವನು ಗೋಡೆಯಿಲ್ಲದೆ ನಿದ್ರಿಸುವುದು ಸಾಧ್ಯವಿರಲಿಲ್ಲ. ಆ ದೀರ್ಘ ಯುದ್ಧವನ್ನು ಕೊನೆಗಾಣಿಸಿದ 1453ರ ಕಾಸ್ತಿಯೋನ್ ಕದನ ನಡೆದದ್ದೂ ಈ ದಿಣ್ಣೆಗೆ ಸಮೀಪದಲ್ಲಿಯೇ.

ಕದನ ಮುಗಿದು ಇಪ್ಪತ್ತನಾಲ್ಕು ವರ್ಷಗಳಾದ ಬಳಿಕ, 1477ರಲ್ಲಿ, ಬೋರ್ದೋ ನಗರದಲ್ಲಿ ಉಪ್ಪುಮೀನು, ದ್ರಾಕ್ಷಾಮದ್ಯ, ನೀಲಿ ಬಣ್ಣದ ಸೊಪ್ಪು ಇವುಗಳ ವ್ಯಾಪಾರದಿಂದ ಧನಿಕನಾಗಿದ್ದ ರಾಮೋನ್ ಎಕೆಮ್ ಎಂಬ ಶೆಟ್ಟಿಯು ಈ ಮನೆಯನ್ನೂ ಅದಕ್ಕೆ ಸೇರಿದ ಭೂಮಿಯನ್ನೂ ಕೊಂಡನು. ಕೊಂಡ ಮರುವರ್ಷವೇ ಕಾಲವಶನಾದನು. ಅವನು ಕೊಂಡದ್ದು ಬರಿಯ ಮನೆಯಲ್ಲ, ಕುಲೀನತೆಯ ಹೆಸರು. ಆದರೆ ಉಪ್ಪುಮೀನಿನ ವಾಸನೆ ವಂಶದಿಂದ ತೊಲಗಲು ಮೂರು ತಲೆಮಾರು ಹಿಡಿಯಿತೆಂದು ತೋರುತ್ತದೆ. ಮೊಮ್ಮಗ ಪಿಯೆರ್ ವ್ಯಾಪಾರವನ್ನು ಬಿಟ್ಟು ಇಟಲಿಯ ಯುದ್ಧಗಳಲ್ಲಿ ಕತ್ತಿ ಹಿಡಿದನು, ಬೋರ್ದೋವಿನ ಮೇಯರನಾದನು, ಒಡೆಯನಾದ ಆರ್ಚ್‌ಬಿಷಪ್ಪನ ಅನುಮತಿ ಪಡೆದು ಮನೆಗೆ ಬುರುಜು ಗೋಡೆಗಳನ್ನು ಕಟ್ಟಿಸಿದನು. ಅವನ ಮಗ ಮಿಷೆಲನಾದರೋ ಎಕೆಮ್ ಎಂಬ ಮನೆತನದ ಹೆಸರನ್ನೇ ಕಳಚಿಟ್ಟು ಊರಿನ ಹೆಸರಿನಿಂದಲೇ ಲೋಕಪ್ರಸಿದ್ಧನಾದನು. 1533ರ ಫೆಬ್ರುವರಿ 28ರಂದು ಅವನು ಹುಟ್ಟಿದ್ದೂ, 1592ರ ಸೆಪ್ಟೆಂಬರ್ 13ರಂದು ತೀರಿಕೊಂಡದ್ದೂ ಈ ಮನೆಯಲ್ಲಿಯೇ.

ತಂದೆ 1568ರಲ್ಲಿ ತೀರಿಕೊಂಡ ಮೇಲೆ, ಬೋರ್ದೋವಿನ ನ್ಯಾಯಸಭೆಯ ಪದವಿಯನ್ನು ತೊರೆದು ಬಂದ ಮಿಷೆಲನು ತನ್ನ ಮೂವತ್ತೆಂಟನೆಯ ಹುಟ್ಟುಹಬ್ಬದಂದು, ಉಳಿದ ಆಯುಷ್ಯವನ್ನು ವಿರಾಮಕ್ಕೂ ವಿದ್ಯೆಗೂ ಮೀಸಲಿಡುವೆನೆಂಬ ಸಂಕಲ್ಪವನ್ನು ಲ್ಯಾಟಿನ್ ಭಾಷೆಯಲ್ಲಿ ಗೋಡೆಯ ಮೇಲೆ ಬರೆಯಿಸಿ, ಅಗಸಿಯ ಪಕ್ಕದ ದುಂಡು ಬುರುಜನ್ನು ತನಗಾಗಿ ಆರಿಸಿಕೊಂಡನು. ಅದರ ಕೆಳಗಿನ ಅಂತಸ್ತು ಪ್ರಾರ್ಥನಾಮಂದಿರ, ನಡುವಣದು ಶಯನಗೃಹ. ಮಂಚ ಬಿಟ್ಟೇಳದೆಯೆ ಕೆಳಗಿನ ಪೂಜೆಯ ಮಂತ್ರಗಳನ್ನು ಕೇಳಲು ಗೋಡೆಯಲ್ಲೊಂದು ಕಂಡಿಯುಂಟು: ಭಕ್ತಿಗೂ ಸೋಮಾರಿತನಕ್ಕೂ ಇಷ್ಟು ಅನ್ಯೋನ್ಯವಾದ ಒಡಂಬಡಿಕೆಯನ್ನು ನಾನು ಬೇರೆಲ್ಲಿಯೂ ಕೇಳಿಲ್ಲ. ಎಲ್ಲಕ್ಕೂ ಮೇಲಿನದು ಗ್ರಂಥಾಲಯ. ಹಿಂದೆ ಬಟ್ಟೆಬರೆಗಳನ್ನಿಡುವ, ಮನೆಯಲ್ಲೆಲ್ಲ ಅತ್ಯಂತ ನಿರುಪಯುಕ್ತವಾದ ಜಾಗ ಅದಾಗಿತ್ತಂತೆ. 16 ಹೆಜ್ಜೆ ಅಗಲದ ಆ ದುಂಡು ಕೊಠಡಿಯಲ್ಲಿ ಐದು ಸಾಲಿನ ಬಡುಗಳ ಮೇಲೆ ಸುಮಾರು 1000 ಪುಸ್ತಕಗಳು ಅವನನ್ನು ಸುತ್ತುವರಿದಿದ್ದವು. ಕೆಲವು ಅವನ ಪ್ರಾಣಮಿತ್ರ ಲಾ ಬೊಯೆಸಿಯು ಸಾಯುವಾಗ ಬಿಟ್ಟುಹೋದವು. ಮೂರು ಕಿಟಕಿಗಳಿಂದ ಕೈತೋಟವೂ ಅಂಗಳವೂ ಕೋಳಿಗಳ ಹಿತ್ತಿಲೂ ಕಾಣುತ್ತಿದ್ದುದರಿಂದ ಪ್ಲೂಟಾರ್ಕನನ್ನು ಓದುತ್ತಲೇ ಆಳುಗಳ ಕಳ್ಳಾಟವನ್ನು ನೋಡಿಕೊಳ್ಳಲು ತೊಡಕಿರಲಿಲ್ಲ. ಪ್ರತಿದಿನ ಬೆಳಗ್ಗೆಯೂ ಸಂಜೆಯೂ ತಲೆಯ ಮೇಲಿನ ದೊಡ್ಡ ಘಂಟೆ ಮೊಳಗಿ ಬುರುಜೇ ನಡುಗುತ್ತಿತ್ತು; ಅದಕ್ಕೂ ಅವನು ಒಗ್ಗಿಹೋದನು. 1580ರಲ್ಲಿ ಬೋರ್ದೋವಿನಲ್ಲಿ ಅಚ್ಚಾದ ಎರಡು ಸಂಪುಟಗಳಿಗೆ ಅವನು ‘ಪ್ರಯತ್ನಗಳು’ ಎಂಬರ್ಥದ ಹೆಸರನ್ನಿಟ್ಟನು. ಇಂಗ್ಲಿಷಿನ ಮೂಲಕ ನಮಗೆ ಬಂದು ‘ಪ್ರಬಂಧ’ವೆನಿಸಿದ ಪ್ರಕಾರದ ತವರುಮನೆ ಈ ಕೊಠಡಿ.

ಅವನು ಬರೆಯುತ್ತಿದ್ದ ಕಾಲ ಶಾಂತವಾದುದಲ್ಲ. 1562ರಿಂದ 1598ರವರೆಗೆ ಕ್ಯಾಥೊಲಿಕರೂ ಪ್ರಾಟೆಸ್ಟಂಟರೂ ಒಬ್ಬರನ್ನೊಬ್ಬರು ಕೊಂದುಕೊಂಡರು. ನೆರೆಯ ಜಮೀನುದಾರರೆಲ್ಲರೂ ಗೋಡೆಗಳನ್ನು ಬಲಪಡಿಸಿ ಪಹರೆಯನ್ನಿಟ್ಟರೆ, ಮಿಷೆಲನು ಮರ್ಯಾದೆಗೆಂಬಂತೆ ಮುದಿ ಬಾಗಿಲುಗಾಯುವವನೊಬ್ಬನನ್ನು ಮಾತ್ರ ಇರಿಸಿಕೊಂಡನು. ರಕ್ಷಣೆಯೇ ಆಕ್ರಮಣವನ್ನು ಕರೆಯುತ್ತದೆ, ಕಾವಲಿಲ್ಲದ ಮನೆಯನ್ನು ಗೆದ್ದವನಿಗೆ ಕೀರ್ತಿಯಿಲ್ಲ ಎಂಬುದು ಅವನ ತರ್ಕ. ತಂದೆಯು ಹಣ ಸುರಿದು ಎಬ್ಬಿಸಿದ ಗೋಡೆಗೆ ಇದಕ್ಕಿಂತ ಮಿಗಿಲಾದ ಅವಮಾನವುಂಟೇ! ಒಮ್ಮೆ ಪರಿಚಿತನೊಬ್ಬನು, ಶತ್ರುಗಳು ಬೆನ್ನಟ್ಟಿದ್ದಾರೆಂದು ಸುಳ್ಳು ಹೇಳಿ, ಒಬ್ಬೊಬ್ಬರಾಗಿ ತನ್ನ ಸವಾರರನ್ನು ಅಂಗಳದೊಳಕ್ಕೆ ಸೇರಿಸಿದನು. ಮೋಸವನ್ನು ಊಹಿಸಿಯೂ ಮಿಷೆಲನು ಸಹಜವಾಗಿ ಉಪಚರಿಸಲು, ಬಂದವನು ಆ ಮುಖದ ನಿಷ್ಕಾಪಟ್ಯಕ್ಕೆ ಸೋತು, ತನ್ನವರನ್ನು ಕರೆದುಕೊಂಡು ಹೊರಟುಹೋದನು. ಎಲ್ಲ ದಿನಗಳೂ ಇಷ್ಟು ಸುಲಭವಾಗಿರಲಿಲ್ಲ. 1586ರಲ್ಲಿ ಕಾಸ್ತಿಯೋನಿನ ಮುತ್ತಿಗೆಯ ಬೆನ್ನಿಗೇ ಪ್ಲೇಗು ಬಂದಾಗ, ಅತಿಥಿಸತ್ಕಾರಕ್ಕೆ ಹೆಸರಾದ ಆ ಮನೆಯವನೇ ಸಂಸಾರ ಕಟ್ಟಿಕೊಂಡು ಆರು ತಿಂಗಳು ಆಶ್ರಯಕ್ಕಾಗಿ ಅಲೆದನು.

ಅದಕ್ಕೆ ಎರಡು ವರ್ಷ ಮೊದಲು, 1584ರ ಡಿಸೆಂಬರಿನಲ್ಲಿ, ಮುಂದೆ ಫ್ರಾನ್ಸಿನ ದೊರೆಯಾಗಲಿದ್ದ ನವಾರದ ಆನ್ರಿಯು ಪರಿವಾರಸಮೇತನಾಗಿ ಬಂದು ಎರಡು ದಿನ ತಂಗಿದ್ದನು. ತನ್ನ ಸೇವಕರನ್ನು ದೂರವಿಟ್ಟು, ಅನ್ನವನ್ನು ಮತ್ತೊಬ್ಬರಿಂದ ರುಚಿ ನೋಡಿಸದೆಯೇ ಉಂಡು, ಮಿಷೆಲನ ಹಾಸಿಗೆಯಲ್ಲೇ ಮಲಗಿದನೆಂದು ಆತಿಥೇಯನು ದಿನಚರಿಯಲ್ಲಿ ಗುರುತು ಹಾಕಿಕೊಂಡಿದ್ದಾನೆ. ವಿಷಪ್ರಯೋಗದ ಭಯವು ಅರಸರ ನಿತ್ಯಸಂಗಾತಿಯಾಗಿದ್ದ ದಿನಗಳವು.

ಮಿಷೆಲನ ಆರು ಹೆಣ್ಣುಮಕ್ಕಳಲ್ಲಿ ಉಳಿದವಳು ಲೆಯೊನೋರ್ ಒಬ್ಬಳೇ; ಅವಳ ಕಾಲದಲ್ಲೇ ಪುಸ್ತಕಗಳು ಕೈತಪ್ಪಿ ಚೆದುರಿಹೋದವು. ಹತ್ತೊಂಬತ್ತನೆಯ ಶತಮಾನದಲ್ಲಿ ಮೂರನೆಯ ನೆಪೋಲಿಯನನ ಅರ್ಥಸಚಿವ ಪಿಯೆರ್ ಮಾಞನು ಮನೆಯನ್ನು ಕೊಂಡು ಜೀರ್ಣೋದ್ಧಾರ ಮಾಡಿಸಿದನು. 1885ರ ಜನವರಿಯಲ್ಲಿ ಅಗ್ನಿಗೆ ಆಹುತಿಯಾದದ್ದು ಆ ದೊಡ್ಡ ಮನೆ. ಇಂದು ಅಲ್ಲಿ ಕಾಣುವುದು ಅನಂತರ ಕಟ್ಟಿದ್ದು, ನೋಡಲು ಸೊಗಸು, ಅಷ್ಟೇ. ಬುರುಜಿಗೆ ಮಾತ್ರ ಬೆಂಕಿ ತಾಗಲಿಲ್ಲ.

ಸುರುಳಿಮೆಟ್ಟಿಲು ಹತ್ತಿ ಮೇಲಿನ ಕೊಠಡಿಗೆ ಹೋದರೆ ಬಡುಗಳಿಲ್ಲ, ಪುಸ್ತಕಗಳಿಲ್ಲ. ತಲೆಯೆತ್ತಿದರೆ ತೊಲೆಗಳ ಮೇಲೆ ಗ್ರೀಕ್ ಮತ್ತು ಲ್ಯಾಟಿನ್ ಭಾಷೆಗಳ ಅರವತ್ತಕ್ಕೂ ಮಿಕ್ಕ ವಾಕ್ಯಗಳು ಇಂದಿಗೂ ಇವೆ. ಅವುಗಳಲ್ಲಿ ಹಲವು ಸಂಶಯವಾದಿಗಳವು, ಕೆಲವು ಬೈಬಲ್ಲಿನವು. ಮಿಷೆಲನು ಒಮ್ಮೆ ಬರೆಯಿಸಿದ್ದನ್ನು ಅಳಿಸಿ, ಅದೇ ತೊಲೆಯ ಮೇಲೆ ಬೇರೊಂದನ್ನು ಬರೆಯಿಸಿದ್ದೂ ಉಂಟು. ದಿಟ್ಟಿಸಿ ನೋಡಿದರೆ ಹೊಸ ಅಕ್ಷರಗಳ ಅಡಿಯಲ್ಲಿ ಹಳೆಯವು ಅಲ್ಲಲ್ಲಿ ಮಸುಕಾಗಿ ಕಾಣುತ್ತವೆ.