ಜಿರಳೆ: ಸ್ಪ್ರೇ ತಲುಪದ ಸಂದಿಯಲ್ಲಿ

“ಕೊಳಕು ಮನೆಗೆ ಮಾತ್ರ ಜಿರಳೆ ಬರುತ್ತದೆ.”
ಹೀಗೆಂದುಕೊಂಡೇ ಎಷ್ಟೋ ಜನ ನಾಚಿಕೆಯಿಂದ ವಿಷಯ ಮುಚ್ಚಿಡುತ್ತಾರೆ, ಅಷ್ಟರಲ್ಲಿ ಅವು ಮನೆ ತುಂಬಿರುತ್ತವೆ. ದಿನಸಿ ತಂದ ರಟ್ಟಿನ ಪೆಟ್ಟಿಗೆ, ಸೆಕೆಂಡ್ ಹ್ಯಾಂಡ್ ಫ್ರಿಜ್, ಪಕ್ಕದ ಫ್ಲ್ಯಾಟಿನಿಂದ ಪೈಪ್ ಹಾದುಬಂದ ಗೋಡೆಯ ತೂತು, ಇವುಗಳಲ್ಲಿ ಒಂದಿದ್ದರೂ ಸಾಕು. ಮನೆ ಚೊಕ್ಕಟವಾಗಿಟ್ಟರೆ ಅವುಗಳ ಊಟ, ನೀರು ಕಡಿಮೆಯಾಗುತ್ತದೆ. ಅದರಲ್ಲೂ ನೀರು ಮುಖ್ಯ: ಅಡುಗೆಮನೆಯ ಸಣ್ಣ ಜಿರಳೆ ನೀರೊಂದಿದ್ದರೆ ಊಟವಿಲ್ಲದೆ ಸುಮಾರು ಒಂದು ತಿಂಗಳು ಬದುಕೀತು, ಎರಡೂ ಇಲ್ಲದಿದ್ದರೆ ಎರಡು ವಾರ ತಳ್ಳುವುದೂ ಕಷ್ಟ. ರಾತ್ರಿ ಮಲಗುವ ಮುನ್ನ ಸಿಂಕ್ ಒರೆಸಿ ಒಣಗಿಸುವುದು, ಸೋರುವ ನಲ್ಲಿ ಸರಿಮಾಡಿಸುವುದು ದುಬಾರಿ ಔಷಧಿಗಿಂತ ಮೊದಲು ಆಗಬೇಕಾದ ಕೆಲಸ.

“ಎಲ್ಲಾ ಜಿರಳೆಯೂ ಒಂದೇ.”
ಬಚ್ಚಲ ಮೋರಿಯಿಂದ ಹತ್ತಿ ಬರುವ, ಕೆಂಗಂದು ಬಣ್ಣದ ದೊಡ್ಡದು ಅಮೆರಿಕನ್ ಜಿರಳೆ. ಸುಮಾರು ಒಂದೂವರೆ ಸೆಂಟಿಮೀಟರ್ ಉದ್ದದ, ತಲೆಯ ಹಿಂದೆ ಎರಡು ಕಪ್ಪು ಗೆರೆಗಳಿರುವುದು ಜರ್ಮನ್ ಜಿರಳೆ. 2024ರಲ್ಲಿ ಪ್ರಕಟವಾದ ಒಂದು ವಂಶವಾಹಿ ಅಧ್ಯಯನದ ಪ್ರಕಾರ ಇದು ಹುಟ್ಟಿದ್ದು ಸುಮಾರು 2,100 ವರ್ಷಗಳ ಹಿಂದೆ, ಭಾರತ ಅಥವಾ ಮ್ಯಾನ್ಮಾರ್‌ನಲ್ಲಿ. ದೊಡ್ಡದಕ್ಕೆ ಮೋರಿಗೆ ಜಾಲರಿ ಹಾಕಿ. ಸಣ್ಣದು ಒಳಗೇ ಸಂಸಾರ ಹೂಡಿರುತ್ತದೆ, ಅದಕ್ಕೆ ಜಾಲರಿ ಏನೂ ಮಾಡದು.

“ಸ್ಪ್ರೇ ಹೊಡೆದರೆ ಮುಗಿಯಿತು.”
ಕಣ್ಣಿಗೆ ಬಿದ್ದ ನಾಲ್ಕು ಸಾಯುತ್ತವೆ, ನಿಜ. ಉಳಿದವು ಎಲ್ಲಿವೆ? ರಾತ್ರಿ ಟಾರ್ಚ್ ಹಿಡಿದು ಮಿಕ್ಸಿಯ ತಳ, ಫ್ರಿಜ್ ಬಾಗಿಲಿನ ರಬ್ಬರ್ ಮಡಿಕೆ, ಕಪಾಟಿನ ಹಿಂಜ್ ನೋಡಿ. ಕಾಳುಮೆಣಸಿನ ಪುಡಿ ಉದುರಿದಂತೆ ಕಪ್ಪು ಹಿಕ್ಕೆ ಕಂಡರೆ ಅಲ್ಲೇ ಅವುಗಳ ಬಿಡಾರ. ಆ ಹಿಕ್ಕೆಯ ವಾಸನೆಯೇ ಉಳಿದವನ್ನೂ ಅಲ್ಲಿಗೆ ಕರೆಯುತ್ತದೆ. ಸ್ಪ್ರೇಯ ಘಾಟಿಗೆ ಅವು ಇನ್ನೂ ಒಳಗಿನ ಸಂದಿಗೆ ಸರಿಯುತ್ತವೆ. ಸಾಮಾನ್ಯ ಸ್ಪ್ರೇ ಮತ್ತು ಸೀಮೆಸುಣ್ಣಗಳಲ್ಲಿರುವ ಪೈರೆಥ್ರಾಯ್ಡ್ ವಿಷವನ್ನು ಜರ್ಮನ್ ಜಿರಳೆ ಎಷ್ಟೋ ಕಡೆ ಅರಗಿಸಿಕೊಂಡಿದೆ. ಹೆಣ್ಣು ಹೊಟ್ಟೆಗಂಟಿಸಿಕೊಂಡು ತಿರುಗುವ ಕೋಶದಲ್ಲಿ 30–40 ಮೊಟ್ಟೆಗಳಿರುತ್ತವೆ, ಅದರೊಳಗೆ ಸ್ಪ್ರೇ ಇಳಿಯುವುದಿಲ್ಲ. ಉರಿಯುವ ಒಲೆಯ ಹತ್ತಿರ ಸ್ಪ್ರೇ ಹೊಡೆದರೆ ಬೆಂಕಿ ಹತ್ತುವ ಅಪಾಯ ಬೇರೆ.

ಸ್ಪ್ರೇಗಿಂತ ಜಿರಳೆ ತಿಂದು ಸಾಯುವ ವಿಷದ ಜೆಲ್ ಮೇಲು. ಹಿಕ್ಕೆ ಕಂಡ ಸಂದಿಗಳಲ್ಲಿ ಎರಡು-ಮೂರು ಮಿಲಿಮೀಟರಿನ ಚುಕ್ಕೆಗಳನ್ನಿಡಿ. ತಿಂದದ್ದು ಬಿಡಾರಕ್ಕೆ ಮರಳಿ ಸಾಯುತ್ತದೆ. ಅದರ ಹಿಕ್ಕೆ, ಹೆಣ ತಿಂದ ಮರಿಗಳೂ ಸಾಯುತ್ತವೆ. ಜೆಲ್ ಇಟ್ಟಲ್ಲಿ ಸ್ಪ್ರೇ ಬೇಡವೇ ಬೇಡ, ವಾಸನೆಗೆ ಅವು ಜೆಲ್ ಮುಟ್ಟುವುದಿಲ್ಲ. ಉಳಿದ ಮೊಟ್ಟೆ ಒಡೆದು ಮರಿ ಬರುತ್ತವೆಯಾದ್ದರಿಂದ ಕೆಲವು ವಾರ ನೋಡುತ್ತಾ ಹೊಸ ಚುಕ್ಕೆ ಇಡುತ್ತಿರಬೇಕು. ಜಿರಳೆ ಅದಕ್ಕೆ ಬಾಯಿ ಹಾಕದಿದ್ದರೆ ಬೇರೆ ಜೆಲ್ ತನ್ನಿ. ಜೆಲ್‌ಗೆ ಬೆರೆಸುತ್ತಿದ್ದ ಗ್ಲೂಕೋಸನ್ನು ಕಹಿಯೆಂದು ದೂರವಿಡುವ ಜಿರಳೆಗಳೂ ಹುಟ್ಟಿಕೊಂಡಿವೆ, 2013ರಲ್ಲಿ ವಿಜ್ಞಾನಿಗಳು ಇದರ ಕಾರಣವನ್ನು ಅವುಗಳ ಬಾಯಿಯ ರುಚಿ ನರಕೋಶಗಳಲ್ಲೇ ಪತ್ತೆಹಚ್ಚಿದರು.

“ಬೋರಿಕ್ ಪುಡಿ ಗುಡ್ಡೆ ಹಾಕಿದಷ್ಟೂ ಒಳ್ಳೆಯದು.”
ಕೇರಂ ಬೋರ್ಡಿಗೆ ಹಾಕುವ ಆ ಪುಡಿಯ ಗುಡ್ಡೆಯನ್ನು ಜಿರಳೆ ಬಳಸಿಕೊಂಡು ಹೋಗುತ್ತದೆ. ಕಂಡೂ ಕಾಣದಷ್ಟು ತೆಳ್ಳಗೆ, ಮಕ್ಕಳ ಕೈಗೆಟುಕದ ಸಂದಿಯಲ್ಲಿ ಉದುರಿಸಿ. ಒದ್ದೆಯಾದರೆ ಕೆಲಸ ಮಾಡದು.

“ಸಿಂಕಿಗೆ ನುಸಿಗುಳಿಗೆ ಹಾಕಿದರೆ ಬರುವುದಿಲ್ಲ.”
ಮುಚ್ಚಿದ ಪೆಟ್ಟಿಗೆಯಲ್ಲಿ ಬಟ್ಟೆ ಕಾಯುವ ನ್ಯಾಫ್ತಲೀನ್ ತೆರೆದ ಜಾಗದಲ್ಲಿ ಆವಿಯಾಗಿ ಹೋಗುತ್ತದೆ. ಮಗು ನುಂಗಿದರೆ ಪ್ರಾಣಕ್ಕೇ ಸಂಚಕಾರ. ಜಿ6ಪಿಡಿ ಕಿಣ್ವದ ಕೊರತೆಯಿರುವ ಮಕ್ಕಳ ಕೆಂಪು ರಕ್ತಕಣಗಳನ್ನು ಅದು ಒಡೆಯುತ್ತದೆ. ಅಡುಗೆಮನೆಯಲ್ಲಿ ಅದಕ್ಕೆ ಜಾಗವಿರಬಾರದು.

“ಪ್ಲಗ್ಗಿಗೆ ಹಾಕುವ ಅಲ್ಟ್ರಾಸೋನಿಕ್ ಯಂತ್ರ ಓಡಿಸುತ್ತದೆ.”
ಇಲ್ಲ. ಇಂಥವುಗಳ ತಯಾರಕರಿಗೆ ಅಮೆರಿಕದ ವ್ಯಾಪಾರ ಆಯೋಗ 2001ರಲ್ಲೇ ಎಚ್ಚರಿಕೆಯ ಪತ್ರ ಕಳಿಸಿತ್ತು.

“ಸತ್ತರೆ ತೊಂದರೆ ತೀರಿತು.”
ಹಿಕ್ಕೆ, ಕಳಚಿದ ಪೊರೆ, ಒಣಗಿದ ಹೆಣದ ಪುಡಿ ದೂಳಿನಲ್ಲಿ ಬೆರೆತು ತಿಂಗಳುಗಟ್ಟಲೆ ಉಳಿಯುತ್ತವೆ, ಉಬ್ಬಸ ಕೆರಳಿಸುತ್ತವೆ. ಉಬ್ಬಸವಿರುವ ಮಗುವಿನ ಮನೆಯಲ್ಲಿ ಕಪಾಟು ಖಾಲಿ ಮಾಡಿ, ಸೋಪು ನೀರಿನ ಒದ್ದೆ ಬಟ್ಟೆಯಲ್ಲಿ ಮೂಲೆಮೂಲೆ ಒರೆಸಿ. ಒಣ ಪೊರಕೆಯಿಂದ ಗುಡಿಸಿದರೆ ಅದೇ ದೂಳು ಮಗುವಿನ ಮೂಗಿಗೆ ಹೋಗುತ್ತದೆ.